ಹಿಂಹಗ್ಗದ ಬೀರಲಿಂಗಪ್ಪ ಮುಂದೆ ಓಡಿದ್ದು

ಧಾರವಾಡ–ಹುಬ್ಬಳ್ಳಿ ರಸ್ತೆಯಲ್ಲಿ ಲಾರಿಗಳ ಕಾಟ ಇನ್ನೂ ಹೆಚ್ಚಿರದ ಕಾಲ. ಅರಳೆಯ ಅಂಡಿಗೆ, ಅಂದರೆ ಒತ್ತಿ ತುಂಬಿದ ಮೂಟೆ, ಹೇರಿದ ಪ್ರತಿ ಚಕ್ಕಡಿಯ ಹಿಂದೆ ಒಬ್ಬ ಮನುಷ್ಯ ಇರುತ್ತಿದ್ದ. ಮುಂದೆ ಎತ್ತು, ಎತ್ತಿನ ಹಿಂದೆ ಹೊಡೆಯುವವ, ಅವನ ಹಿಂದೆ ತೆಂಗಿನ ಮರದೆತ್ತರ ಅರಳೆ, ಅದರ ಹಿಂದೆ ಒಂದು ದಪ್ಪ ಹಗ್ಗ, ಹಗ್ಗದ ತುದಿಗೆ ಈ ಮನುಷ್ಯ. ಇಳಕಲು ಬಂದಾಗ ಹೇರು ಎತ್ತುಗಳ ಹೆಗಲ ಮೇಲೆ ನುಗ್ಗದಂತೆ ಹಿಮ್ಮಡಿ ಊರಿ, ಬೆನ್ನು ಹಿಂದಕ್ಕೆ ಚೆಲ್ಲಿ, ಹಗ್ಗ ಜಗ್ಗಿ ಹಿಡಿಯುವುದು ಅವನ ಕೆಲಸ. ಅವನಿಗೆ ಹಿಂಹಗ್ಗದವ ಎನ್ನುತ್ತಿದ್ದರು.

ಬೀರಲಿಂಗಪ್ಪ ಅಂಥವನು. ಕಮರುದ್ದೀನನ ಚಕ್ಕಡಿಯ ಹಿಂದೆ ಮೀಸೆ ಮೂಡುವ ಮೊದಲು ಹಗ್ಗ ಹಿಡಿದವನು ಮೀಸೆ ಬೆಳ್ಳಗಾಗುವ ಹೊತ್ತಿಗೂ ಅದನ್ನೇ ಹಿಡಿದಿದ್ದ. ಆ ವರ್ಷಗಳಲ್ಲಿ ಅವನು ನುಂಗಿದ ಧೂಳನ್ನು ಹೊರಗೆ ತೆಗೆದು ಹರವಿದ್ದರೆ ನಾಲ್ಕು ಕೂರಿಗೆ ಹೊಲವಾಗುತ್ತಿತ್ತು, ಅದರಲ್ಲಿ ಬಿಳಿಜೋಳ ಚೆನ್ನಾಗಿ ಬರುತ್ತಿತ್ತು. ಇನ್ನು ಆ ಇಳಕಲಿನ ಮಾತು. ಧಾರವಾಡದ ದಿಬ್ಬದಿಂದ ನವಲೂರಿನ ತನಕ ರಸ್ತೆ ಎಂಥ ಇಳಕಲು ಇಳಿಯುತ್ತದೆಂದರೆ, ಮೇಲೆ ಕೈಜಾರಿ ಬಿದ್ದ ನಿಂಬೆಹಣ್ಣು ಕೆಳಗೆ ಸಿಗುವಾಗ ಉಪ್ಪಿನಕಾಯಿ ಆಗಿರುತ್ತದೆ. ಭೂಗೋಳದ ಮಾಸ್ತರರು ಇದನ್ನು ಒಪ್ಪುವುದಿಲ್ಲ. ಅವರು ಅರಳೆ ಹೇರಿಕೊಂಡು ಇಳಿದವರಲ್ಲ.

ಹಿಂಹಗ್ಗದವರಲ್ಲಿ ಎರಡು ಕಟ್ಟಳೆ ಇದ್ದವು. ಮೊದಲನೆಯದು, ಹಗ್ಗವನ್ನು ಮುಂಗೈಗೆ ಒಂದು ಸುತ್ತು ಸುತ್ತಿದ ಮೇಲೆ ಎತ್ತುಗಳನ್ನು ನೊಗದಿಂದ ಬಿಡಿಸಿ ಕೊರಳು ಬಿಚ್ಚುವವರೆಗೂ ಬಿಡುವಂತಿಲ್ಲ. ಎರಡನೆಯದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ: ಇಳಕಲು ಮುಗಿದು ಸಪಾಟು ಬಂದಮೇಲೆ ಹಗ್ಗಕ್ಕೆ ಜೋತುಬಿದ್ದು ನಿದ್ದೆ ಮಾಡಬಹುದು. ಕಾಲು ತಾನೇ ನಡೆಯುತ್ತದೆ, ಚಕ್ಕಡಿ ಎಳೆದುಕೊಂಡು ಹೋಗುತ್ತದೆ. ಬೀರಲಿಂಗಪ್ಪ ಮನೆಯ ಹಾಸಿಗೆಯ ಮೇಲೆ ಮಾಡಿದ ನಿದ್ದೆಗಿಂತ ರಾಯಾಪುರದ ಸಪಾಟಿನಲ್ಲಿ ಮಾಡಿದ ನಿದ್ದೆಯೇ ಹೆಚ್ಚು. ಹೆಂಡತಿ ರೇಣವ್ವ ಹಬ್ಬದ ರಾತ್ರಿ ಅವನ ಕೈಗೆ ಸೀರೆಯ ಸೆರಗು ಸುತ್ತಿದರೆ ಮಾತ್ರ ಅವನಿಗೆ ಕಣ್ಣು ಹತ್ತುತ್ತಿತ್ತೆಂದು ಓಣಿಯ ಮಂದಿ ಆಡಿಕೊಳ್ಳುತ್ತಿದ್ದರು.

ಅವನಿಗೆ ಒಂದು ಸಣ್ಣ ನಾಚಿಕೆ ಇತ್ತು. ಅದನ್ನು ಅವನ ಅಂಗಿಯೊಳಗೆ ಹಾಕಿದವನು ರೇಣವ್ವನ ತಮ್ಮ ಹನುಮಂತಪ್ಪ. ಸುಳ್ಳ ಎಂಬ ಹಳ್ಳಿಯಿಂದ ಬಂದು ಹುಬ್ಬಳ್ಳಿಯ ಅರಳೆ ಪೇಟೆಯಲ್ಲಿ ತಕ್ಕಡಿ ಹಿಡಿಯುತ್ತಿದ್ದ ಹನುಮಂತಪ್ಪನಿಗೆ ತೂಕದ ಕೆಲಸಕ್ಕಿಂತ ಮಾತಿನ ಕೆಲಸವೇ ಹೆಚ್ಚಾಗಿ ಒಗ್ಗಿತ್ತು. ಊಟದ ಪಂಕ್ತಿಯಲ್ಲಿ ಕೂತು ಹತ್ತು ಮಂದಿಗೆ ಕೇಳುವಂತೆ ಹೇಳುತ್ತಿದ್ದ:

“ನಮ್ಮ ಮಾವ ಹುಬ್ಬಳ್ಳಿಗೆ ಬರೂದಂದ್ರ ಹೆಂಗಂತೀರಿ? ಮೊದಲ ಎತ್ತಿನ ಮಾರಿ ಕಾಣತೈತಿ. ಆಮ್ಯಾಲೆ ಕಮರುದ್ದೀನನ ಗಡ್ಡಾ. ಆಮ್ಯಾಲೆ ಅರಳಿ ಅಂಡಿಗಿ. ಧೂಳೆಲ್ಲಾ ಕುಂತ ಮ್ಯಾಲೆ, ‘ಅಲ್ಲೇನೋ ಕರ್ರಗ ಕಾಣಾಕತ್ತೈತಿ’ ಅಂತ ನೋಡಿದ್ರ ಅದು ನಮ್ಮ ಮಾವ!”

ಪಂಕ್ತಿ ನಗುತ್ತಿತ್ತು. ಬೀರಲಿಂಗಪ್ಪನೂ ನಗುತ್ತಿದ್ದ. ನಕ್ಕು ರೊಟ್ಟಿಯ ಕಡೆಗೆ ತಲೆ ಬಗ್ಗಿಸುತ್ತಿದ್ದ.

ಹೀಗಿರುವಾಗ ಹುಬ್ಬಳ್ಳಿಯ ಅರಳೆ ವ್ಯಾಪಾರಿ ಗುರುಶಿದ್ದಪ್ಪನವರಿಗೆ ಪತ್ರಿಕೆ ಓದುವ ಚಟ ಹತ್ತಿತು. ಪರದೇಶದಲ್ಲಿ ಮಂದಿ ಇಪ್ಪತ್ತಾರು ಮೈಲು ಓಡುತ್ತಾರಂತೆ, ಯಾರೂ ಬೆನ್ನಟ್ಟದಿದ್ದರೂ ಓಡುತ್ತಾರಂತೆ, ಅದಕ್ಕೆ ಮ್ಯಾರಥಾನ್ ಎನ್ನುತ್ತಾರಂತೆ ಎಂದು ಓದಿ ಅವರು ಮೂರು ದಿನ ಊಟದ ರುಚಿ ಕೆಡಿಸಿಕೊಂಡರು. ತಮ್ಮ ಗರಡಿಯ ಹುಡುಗರನ್ನು ಕೂಡಿಸಿ ಧಾರವಾಡದಿಂದ ಹುಬ್ಬಳ್ಳಿಗೆ ಮ್ಯಾರಥಾನ್ ಎಂದು ಡಂಗುರ ಹೊಡೆಸಿದರು. ಎರಡೂ ಊರಿನ ನಡುವೆ ಇಪ್ಪತ್ತಾರು ಮೈಲಿನ ಅರ್ಧವೂ ಇಲ್ಲವೆಂದು ಒಬ್ಬರು ಹೇಳಿದ್ದಕ್ಕೆ, “ಇದ್ದ ದಾರ್ಯಾಗ ಓಡ್ರಿ, ಉಳದದ್ದು ಬರೂ ವರ್ಷ ನೋಡೂಣು” ಎಂದರು. ಮೊದಲು ಬಂದವನಿಗೆ ಪೇಟೆಯ ಚೌಕಿನಲ್ಲಿ, ಸಾವಿರ ಮಂದಿಯ ಮುಂದೆ, ತಲೆಗೆ ಜರದ ರುಮಾಲು ಸುತ್ತುವುದೆಂದಾಯಿತು.

ಡಂಗುರ ಕೇಳಿದ ಬೀರಲಿಂಗಪ್ಪನಿಗೆ ರುಮಾಲು ಕಾಣಲಿಲ್ಲ. ಚೌಕಿನ ಮೂಲೆಯಲ್ಲಿ ತಕ್ಕಡಿ ಹಿಡಿದು ನಿಂತ ಹನುಮಂತಪ್ಪ ಕಂಡ. ಒಂದೇ ಒಂದು ಸಲ, ಯಾವ ಎತ್ತೂ ಯಾವ ಗಡ್ಡವೂ ಮುಂದಿಲ್ಲದೆ, ತನ್ನ ಮುಖವೇ ಮೊದಲು ಕಾಣುವಂತೆ ಹುಬ್ಬಳ್ಳಿಗೆ ಹೋಗಬೇಕು. ಜೀವ ಇಷ್ಟೇ ಕೇಳಿತು.

ಕಮರುದ್ದೀನನಿಗೆ ಹೇಳಿದಾಗ ಅವನು ಎತ್ತಿನ ಮೈ ತಿಕ್ಕುವುದನ್ನು ನಿಲ್ಲಿಸಿದ.

“ನೀ ಓಡ್ತೀ?”

“ಓಡ್ತೇನಿ ಕಾಕಾ.”

“ಲೇ ಬೀರ್ಯಾ, ನೀ ಹುಟ್ಟಿದಾಗಿಂದ ಹಿಂದಕ್ಕ ಜಗ್ಗಿದಂವ. ನಿನ್ನ ಹಿಮ್ಮಡಕ್ಕ ಮುಂದ ಹೋಗೂದ ಯಾರ ಕಲಿಸ್ಯಾರ?”

“ಅದಕ್ಕ ಕಾಕಾ. ಭಾರ ಹಿಡಕೊಂಡ ಇಷ್ಟ ವರ್ಷ ಇಳದೇನಿ. ಭಾರಿಲ್ಲದ ಹೆಂಗ ಇಳೀಬೌದು, ವಿಚಾರ ಮಾಡು.”

ಕಮರುದ್ದೀನ ವಿಚಾರ ಮಾಡಿದ. “ಅಂವತ್ತ ನಾನೂ ಹುಬ್ಬಳ್ಳಿಗೆ ಹೇರಬೇಕು. ನೀ ಇಲ್ಲಂದ್ರ ಅರ್ಧಾ ಹೇರತೇನಿ, ನಸಿಕಿನ್ಯಾಗ ಬಿಡತೇನಿ” ಎಂದು ಮತ್ತೆ ತಿಕ್ಕತೊಡಗಿದ. ಬೇರೆ ಆಳನ್ನು ಹಗ್ಗಕ್ಕೆ ಹಚ್ಚುವ ಮಾತು ಅವನ ಬಾಯಲ್ಲಿ ಬರಲಿಲ್ಲ.

ಓಟದ ದಿನ ಬೆಳಿಗ್ಗೆ ರೇಣವ್ವ ಒಲೆಯ ಮುಂದೆ ಕೂತು ಕೇಳಿದಳು: “ಓಡೂ ಮಂದಿ ಏನ ತಿಂತಾರ?”

“ಗಾಳಿ ತಿಂತಾರ.”

“ಹಂಗಾರ ಈ ನಾಕ ರೊಟ್ಟಿ ಯಾರಿಗೆ ಬಡದೆ?”

ನಾಲ್ಕನ್ನೂ ತಿಂದು ಹೋದ. ದಿಬ್ಬದ ಮೇಲೆ ಚಡ್ಡಿ ತೊಟ್ಟ ಕಾಲೇಜಿನ ಹುಡುಗರು, ಮೈಗೆ ಎಣ್ಣೆ ಬಳಿದುಕೊಂಡ ಪೈಲವಾನರು, ಯಾಕೆ ಬಂದೆನೆಂದು ತನಗೇ ತಿಳಿಯದೆ ಬೂಟು ಹಾಕಿಕೊಂಡು ನಿಂತ ಒಬ್ಬ ಪೊಲೀಸ. ಬೀರಲಿಂಗಪ್ಪ ಧೋತರದ ಕಚ್ಚೆ ಬಿಗಿದು ಬರಿಗಾಲಲ್ಲಿ ಅಂಚಿಗೆ ನಿಂತ. ಕಹಳೆ ಊದಿದರು.

ಆಮೇಲಿನದನ್ನು ಕಂಡವರು ಇಲ್ಲ, ಯಾಕೆಂದರೆ ಕಾಣುವಷ್ಟು ಹೊತ್ತು ಅವನು ಎಲ್ಲಿಯೂ ಇರಲಿಲ್ಲ. ಇಷ್ಟು ವರ್ಷ ಒತ್ತಿ ಹಿಡಿದ ಇಳಕಲೆಲ್ಲ ಒಂದೇ ಸಲ ಅವನ ಕಾಲಿಗೆ ಬಂತು. ಮೊದಲ ತಿರುವಿನಲ್ಲಿ ಕಾಲೇಜಿನ ಹುಡುಗರು ಹಿಂದೆ ಬಿದ್ದರು. ಎರಡನೆಯ ತಿರುವಿನಲ್ಲಿ ಊದಿದ ಕಹಳೆಯ ಸದ್ದೇ ಹಿಂದೆ ಬಿತ್ತು. ಮೂರನೆಯ ತಿರುವಿನಲ್ಲಿ ಅವನ ನೆರಳು “ನನ್ನಿಂದಾಗಲ್ಲಪಾ” ಎಂದು ಒಂದು ಬೇವಿನ ಬುಡದಲ್ಲಿ ಕೂತುಬಿಟ್ಟಿತು, ನವಲೂರಿನಲ್ಲಿ ಏದುಸಿರು ಬಿಡುತ್ತ ಬಂದು ಕೂಡಿಕೊಂಡಿತು. ಹುಲ್ಲು ಮೇಯುತ್ತಿದ್ದ ಎಮ್ಮೆಯೊಂದು ಅವನು ಹೋದ ಗಾಳಿಗೆ ತಿರುಗಿ ನಿಂತು, ಆ ವಾರವೆಲ್ಲ ಹಾಲನ್ನು ಮಜ್ಜಿಗೆಯಾಗಿಯೇ ಕೊಟ್ಟಿತಂತೆ.

ಇಳಕಲಿನ ನಡುವೆ ಮುಂದೆ ಗಂಟೆಯ ಸದ್ದು. ಕಮರುದ್ದೀನನ ಚಕ್ಕಡಿ, ಗಾಲಿಗೆ ಮರದ ತುಂಡು ಒತ್ತಿಕೊಂಡು ಕಿರಗುಟ್ಟುತ್ತ ನಿಧಾನ ಇಳಿಯುತ್ತಿತ್ತು. ಹಿಂದೆ ಅವನ ಹಗ್ಗ ಯಾರೂ ಹಿಡಿಯದೆ ಧೂಳಲ್ಲಿ ಬಿದ್ದು ಹರಿದುಬರುತ್ತಿತ್ತು. ಬೀರಲಿಂಗಪ್ಪ ಹಗ್ಗ ದಾಟಿದ, ಅಂಡಿಗೆ ದಾಟಿದ, ಗಡ್ಡ ದಾಟಿದ, ಎತ್ತಿನ ಕೋಡು ದಾಟಿದ. ಹುಟ್ಟಿದಾರಭ್ಯ ಮೊದಲ ಸಲ ಆ ಎತ್ತುಗಳ ಮುಖ ಎದುರಿನಿಂದ ಕಂಡು ಅವನಿಗೆ ಗುರುತೇ ಹತ್ತಲಿಲ್ಲ.

“ಕಾಕಾ!” ಎಂದು ಕೂಗಿದ. “ಹುಬ್ಬಳ್ಳ್ಯಾಗ ಚಹಾ ಕಾಸಿಟ್ಟಿರತೇನಿ! ಸಂಜಿ ಒಳಗ ಬಂದ್ರ ಬಾ, ಇಲ್ಲಂದ್ರ ಆರತೈತಿ!”

“ಲೇ ಹುಚ್ಚಾ, ಕಾಲ ಹಿಡಕೊಂಡ ಇಳೀಲೇ! ಮುಂದ ಸಪಾಟ ಐತಿ!”

ಆ ಮಾತು ಕಿವಿಗೆ ಬೀಳುವ ಮೊದಲೇ ಅವನು ಒಂದು ಫರ್ಲಾಂಗು ಮುಂದಿದ್ದ.

ಸಪಾಟು ಬಂತು. ನವಲೂರು ದಾಟಿದ್ದೇ ತಡ, ತೊಡೆಗಳೆರಡೂ ಜೋಳ ಜರಡಿ ಹಿಡಿಯುವ ಹೆಂಗಸರ ಕೈಯಂತೆ ನಡುಗತೊಡಗಿದವು. ಇಳಿಯುವಾಗ ಕಾಲು ಓಡುವುದಿಲ್ಲ, ಪ್ರತಿ ಹೆಜ್ಜೆಗೂ ಮೈಯನ್ನು ಬೀಳದಂತೆ ಹಿಡಿಯುತ್ತದೆ; ಹಿಡಿದು ಹಿಡಿದು ಅವನ ಕಾಲಿನ ದುಡಿಮೆಯೆಲ್ಲ ದಿಬ್ಬದಲ್ಲೇ ತೀರಿಹೋಗಿತ್ತು. ಮೊಣಕಾಲು ಒಂದು ಕಡೆ ಹೊರಟರೆ ಪಾದ ಇನ್ನೊಂದು ಕಡೆ. ರಸ್ತೆಯ ಬದಿಗೆ ಪೇರಲ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿ ಅವನನ್ನು ನೋಡಿ, “ಯಪ್ಪಾ, ಯಾರ ಬಡದ್ರು ನಿನ್ನ? ಕುಂದರ ಬಾ” ಎಂದಳು. ಕೂತರೆ ಏಳುವುದು ಮುಂದಿನ ಯುಗಾದಿಗೇ ಎಂದು ತಿಳಿದು ಕೂಡಲಿಲ್ಲ. ಹಿಂದೆ ನೋಡಿದ. ಯಾರೂ ಇಲ್ಲ. ನಡೆದ. ಆಮೇಲೆ ನಡೆಯುವುದೂ ಹೋಗಿ, ಗಾಳಿ ದೂಡಿದಷ್ಟು ಸರಿದ.

ರಾಯಾಪುರ ದಾಟುವಾಗ ಹಿಂದೆ ಅದೇ ಗಂಟೆಯ ಸದ್ದು ಕೇಳಿಸಿತು. ಅರ್ಧ ಹೇರಿನ ಎತ್ತುಗಳು ಸಪಾಟಿಗೆ ಬಂದು ಹುರುಪಿನಿಂದ ಹೆಜ್ಜೆ ಹಾಕುತ್ತಿದ್ದವು. ಬೀರಲಿಂಗಪ್ಪ ಚಹಾದ ಮಾತು ನೆನೆದು ಮುಖ ತಿರುಗಿಸಿ, ಜಾಲಿ ಕಂಟಿಯ ಕಡೆಗೆ ಉಚ್ಚೆಗೆ ನಿಂತವನಂತೆ ನಿಂತ. ಕಮರುದ್ದೀನ ನಸುಕಿನಲ್ಲಿ ಎದ್ದವನು. ಅಂಡಿಗೆಗೆ ಒರಗಿ ಅರೆಗಣ್ಣಾಗಿದ್ದ. ನೋಡಲಿಲ್ಲ. ಎತ್ತು ದಾಟಿದವು, ಗಡ್ಡ ದಾಟಿತು, ಅಂಡಿಗೆ ದಾಟಿತು. ಕೊನೆಗೆ ಹಗ್ಗ, ಧೂಳಲ್ಲಿ ಹರಿಯುತ್ತ, ಅವನ ಕಾಲ ಹತ್ತಿರದಿಂದ ಹೊರಟಿತು.

ಓಟವೆಂಬುದು ನಡೆದಿದೆ ಎಂದು ತಲೆಗೆ ಗೊತ್ತಿತ್ತು. ಕೈಗೆ ಯಾರೂ ಹೇಳಿರಲಿಲ್ಲ. ಕೈ ಬಗ್ಗಿತು, ಹಗ್ಗ ಎತ್ತಿತು, ಮುಂಗೈಗೆ ಒಂದು ಸುತ್ತು ಸುತ್ತಿತು. ಸುತ್ತು ಬಿದ್ದದ್ದೇ ಕಣ್ಣು ಮುಚ್ಚಿದವು. ಕಾಲು ತಮ್ಮ ಹಳೆಯ ನಡಿಗೆಗೆ ಬಿದ್ದವು. ಮುಂದೆ ಕಮರುದ್ದೀನ ಹಿಂದಿನ ಭಾರ ಸರಿಯಾಗಿ ಕೂತದ್ದು ತಿಳಿದು, ತಿರುಗಿ ನೋಡದೆ, ಯಾವತ್ತಿನಂತೆ ಕೇಳಿದ:

“ಬೀರ್ಯಾ, ತಂಬಾಕ ಐತೇನಲೇ?”

“ಇಲ್ಲ ಕಾಕಾ” ಎಂದ ಬೀರಲಿಂಗಪ್ಪ, ನಿದ್ದೆಯಲ್ಲೇ.

“ನಿನ್ನ ಹಂತ್ಯಾಕ ಯಾವಾಗ ಇತ್ತು?”

ಕಮರುದ್ದೀನನೂ ಮತ್ತೆ ಕಣ್ಣು ಮುಚ್ಚಿದ. ಇಷ್ಟು ವರ್ಷದ ಜೋಡಿಗೆ ಅಂದು ಬೇರೆ ದಿನವೆಂಬುದು ಇಬ್ಬರ ನಿದ್ದೆಯಲ್ಲೂ ಬರಲಿಲ್ಲ.

ಇಲ್ಲಿಯವರೆಗೆ ತಪ್ಪು ಕೈಯದು. ದೇವರ ಮುಂದೆ ನಿಂತರೂ ಕೈಯನ್ನು ಮುಂದೆ ಮಾಡಿ ಬಿಡಿಸಿಕೊಳ್ಳಬಹುದಿತ್ತು.

ಆದರೆ ಉಣಕಲ್ ಕೆರೆ ಬಂತು. ನೀರಿನ ಮೇಲಿಂದ ತಣ್ಣನೆ ಗಾಳಿ ಬೀಸಿ ಬೆವರಿದ ಮುಖಕ್ಕೆ ಹೊಡೆಯಿತು. ಬೀರಲಿಂಗಪ್ಪನಿಗೆ ಎಚ್ಚರವಾಯಿತು. ಎದುರಿಗೆ ಅರಳೆ, ಕೈಯಲ್ಲಿ ಹಗ್ಗ. ಒಂದು ಗಳಿಗೆ ಅವನಿಗೆ ಎಲ್ಲವೂ ಸರಿಯಾಗಿಯೇ ಕಂಡಿತು. ಮರುಗಳಿಗೆ ಕಚ್ಚೆ ಬಿಗಿದ ಧೋತರ ಕಂಡಿತು, ಓಟ ನೆನಪಾಯಿತು. ಹಿಂದೆ ನೋಡಿದ: ದೂರದಲ್ಲಿ ಒಂದು ಬೊಗಸೆ ಧೂಳು, ಅದರಲ್ಲಿ, ಪೇರಲ ಮುದುಕಿಯ ಮಾತು ಕೇಳಿ ಕೂತು ತಡವಾಗಿ ಎದ್ದ ಕಾಲೇಜಿನ ಹುಡುಗರ ಬಿಳಿ ಚಡ್ಡಿ. ಕೆರೆಯಲ್ಲಿ ಬಟ್ಟೆ ಒಗೆಯುವವರು ತಲೆ ಎತ್ತಲಿಲ್ಲ. ಯಾರೂ ನೋಡಿಲ್ಲ.

ಬಿಡಬೇಕು, ಅಂದುಕೊಂಡ. ಆ ಹುಣಸೆಗಿಡದ ತನಕ ಹೋಗಿ ಬಿಡುತ್ತೇನೆ. ಹುಣಸೆಗಿಡ ಬಂದು ಹೋಯಿತು. ಆ ಬಾವಿಯ ತನಕ. ಬಾವಿಯೂ ಹೋಯಿತು. ಮನೆಗಳು ಸುರುವಾಗುವ ಕಡೆ ಬಿಟ್ಟು, ಅಲ್ಲಿಂದ ಓಡಿ, ಚಕ್ಕಡಿ ಹಿಂದೆ ಹಾಕಿ, ಚೌಕಿಗೆ ಒಬ್ಬನೇ ಹೋಗುತ್ತೇನೆ. ಹನುಮಂತಪ್ಪನಿಗೆ ನನ್ನ ಮುಖವೇ ಮೊದಲು ಕಾಣುತ್ತದೆ. ಹಾಗೆಂದು ನಿಶ್ಚಯಿಸಿ, ಯಾರಾದರೂ ಕಂಡರೆ ನಿದ್ದೆಯೆಂದುಕೊಳ್ಳಲಿ ಎಂದು, ಕಣ್ಣು ಮುಚ್ಚಿದ. ಖರೆ ನಿದ್ದೆ ಮಾಡುವವರು ಅಷ್ಟು ಬಿಗಿಯಾಗಿ ಮುಚ್ಚುವುದಿಲ್ಲ. ಮುಂದೆ ಎತ್ತುಗಳ ಹೆಜ್ಜೆ ಇನ್ನಷ್ಟು ಚುರುಕಾಯಿತು.

ಸುಳ್ಳು ನಿದ್ದೆಯ ಬೆನ್ನಿಗೇ ಖರೆ ನಿದ್ದೆ ಬಂತು.

ಹುಬ್ಬಳ್ಳಿಯ ಚೌಕಿನಲ್ಲಿ ವಾಜಂತ್ರಿಯವರು ಗಲ್ಲ ಉಬ್ಬಿಸಿ ನಿಂತಿದ್ದರು. ರಸ್ತೆಗೆ ಅಡ್ಡ ಕೆಂಪು ಪಟ್ಟಿ ಕಟ್ಟಿತ್ತು. ಗುರುಶಿದ್ದಪ್ಪನವರು ಚೆಂಡುಹೂವಿನ ಮಾಲೆ ಹಿಡಿದು, ಕನ್ನಡಕ ಒರೆಸಿ ಒರೆಸಿ ದಾರಿ ನೋಡುತ್ತಿದ್ದರು. ಧೂಳೆದ್ದಿತು. “ಬಂದ್ರು! ಬಂದ್ರು!” ವಾಜಂತ್ರಿ ಸುರುವಾಯಿತು. ಗುರುಶಿದ್ದಪ್ಪನವರು ಕಣ್ಣಲ್ಲಿ ನೀರು ತಂದುಕೊಂಡು ಮಾಲೆ ಹಾಕಿಯೇ ಬಿಟ್ಟರು. ಕನ್ನಡಕ ಏರಿಸಿ ನೋಡಿದರೆ ಮಾಲೆ ಎಡಗಡೆಯ ಎತ್ತಿನ ಕೊರಳಲ್ಲಿತ್ತು, ಕೆಂಪು ಪಟ್ಟಿ ಬಲಗಡೆಯ ಎತ್ತಿನ ಕೋಡಿನಲ್ಲಿತ್ತು. ಕಮರುದ್ದೀನ ಮಂದಿಯನ್ನು ಎಡಬಲಕ್ಕೆ ಸರಿಸುತ್ತ ಪೇಟೆಯ ಕಡೆಗೆ ಹೊಡೆದುಕೊಂಡು ಹೊರಟ. ಅರಳೆ ದಾಟಿತು. ಅದರ ಹಿಂದೆ, ಹಗ್ಗ ಮುಂಗೈಗೆ ಸುತ್ತಿಕೊಂಡು, ಬಾಯಿ ಅರ್ಧ ತೆರೆದು, ನಿದ್ದೆಯಲ್ಲಿ ನಡೆಯುತ್ತ ಬೀರಲಿಂಗಪ್ಪ ಬಂದ.

ಚೌಕಿನ ಮೂಲೆಯಿಂದ ಹನುಮಂತಪ್ಪನ ದನಿ ಕೇಳಿಸಿತು:

“ನಮ್ಮ ಮಾವ ಬಂದ ನೋಡ್ರೀ! ತನ್ನ ಜಾಗಾದಾಗ ಬಂದ!”

ಆ ನಗೆಗೆ ಪೇಟೆಯ ಹಂಚುಗಳು ಸರಿದವು, ಆ ವರ್ಷ ಮಳೆ ಬಂದಾಗ ಎಲ್ಲರ ಮನೆಯೂ ಸೋರಿತು. ನಗೆಯ ಸದ್ದಿಗೆ ಬೀರಲಿಂಗಪ್ಪ ಕಣ್ಣು ತೆರೆದ. ಓಡಿಹೋಗಬಹುದಿತ್ತು, ಆದರೆ ಹಗ್ಗ ಕೈಯಲ್ಲಿತ್ತು, ಎತ್ತುಗಳ ಕೊರಳಿನ್ನೂ ಬಿಚ್ಚಿರಲಿಲ್ಲ. ಚಕ್ಕಡಿ ನಿಲ್ಲುವ ತನಕ, ಅಷ್ಟು ಮಂದಿಯ ನಡುವೆ, ತಲೆ ಕೆಳಗೆ ಹಾಕಿ ಹಿಂದೆ ನಡೆದ.

ಗುರುಶಿದ್ದಪ್ಪನವರು ಬಂದು ಕೇಳಿದರು. “ಹಗ್ಗಾ ಯಾವಾಗ ಹಿಡದೀಪಾ?”

“ಗೊತ್ತಾಗಿಲ್ರೀ.”

ಕಮರುದ್ದೀನ ಇಳಿದು ಬಂದು ತನ್ನ ಗಡ್ಡದ ಮೇಲೆ ಕೈಯಿಟ್ಟ. “ಅವಗ ಖಬರ ಇದ್ದಿಲ್ರೀ ಧಣೇರ. ನಿದ್ದ್ಯಾಗ ಹಿಡದಾನ. ನನಗೂ ಖಬರ ಇದ್ದಿಲ್ಲ. ಆಣಿ ಮಾಡಿ ಹೇಳತೇನಿ.”

ಮಂದಿಯ ನಗೆ ಅಲ್ಲಿಗೆ ಬದಲಾಯಿತು. ಪಾಪ, ಎಂದರು. ಎಂಥ ಸಾಚಾ ಮನುಷ್ಯಾ, ನಿದ್ದ್ಯಾಗೂ ಕೆಲಸಾ ಬಿಟ್ಟಿಲ್ಲ ನೋಡ್ರೀ, ಎಂದರು. ಅಷ್ಟರಲ್ಲಿ ಓಡಿ ಬಂದ ಕಾಲೇಜಿನ ಹುಡುಗನೊಬ್ಬನಿಗೆ ಜರದ ರುಮಾಲು ಸುತ್ತಿದರು. ಆಮೇಲೆ ಗುರುಶಿದ್ದಪ್ಪನವರು ಮನೆಯಿಂದ ತಮ್ಮದೇ ಹಸಿರು ರುಮಾಲು ತರಿಸಿ, “ಎಚ್ಚರಿದ್ದು ಓಡಿದವಗ ಒಂದು, ನಿದ್ದ್ಯಾಗ ಓಡಿದವಗ ಒಂದು!” ಎಂದು ಸಾರಿದರು.

ಬೀರಲಿಂಗಪ್ಪನಿಗೆ ಉಣಕಲ್ ಕೆರೆ ನೆನಪಾಯಿತು. ಈಗ ಹೇಳಬೇಕು. ಬಾಯಿ ತೆರೆದ. ಆಕಳಿಕೆ ಬಂತು. ಮಂದಿ ಬಿದ್ದು ಬಿದ್ದು ನಕ್ಕರು, ಅವನ ತಲೆ ಬಗ್ಗಿಸಿ ರುಮಾಲು ಸುತ್ತಿದರು. ಅವನು ಬಗ್ಗಿದ್ದು ಬೀಳುವವನ ಹಾಗೆ. ಅವರಿಗೆ ಅದು ವಿನಯವಾಗಿ ಕಂಡಿತು.

ಸಣ್ಣ ನಾಚಿಕೆ ಹೋಗಿ ದೊಡ್ಡದು ಬಂದು ಕೂತಿತು. ರೇಣವ್ವ ಆ ರುಮಾಲನ್ನು ದೇವರ ಗೂಡಿನ ಮೇಲಿಟ್ಟು, ನೀರು ಕೇಳಲು ಬಂದವರಿಗೂ ಇಳಿಸಿ ತೋರಿಸುತ್ತಿದ್ದಳು. ಸುದ್ದಿ ಊರಿಂದೂರಿಗೆ ಬೆಳೆಯಿತು. ಮೊದಲ ವಾರ ಅವನು ರಾಯಾಪುರದಿಂದ ನಿದ್ದೆಯಲ್ಲಿ ಬಂದಿದ್ದ. ತಿಂಗಳಲ್ಲಿ ಧಾರವಾಡದಿಂದಲೇ ಬಂದಿದ್ದ. ಬೇಸಗೆಯ ಹೊತ್ತಿಗೆ ಗದಗಿನಲ್ಲಿ, ಅವನು ನಿದ್ದೆಯಲ್ಲಿ ಪುಣೆಗೆ ಹೋಗಿ, ಅಲ್ಲಿ ಊಟ ಮಾಡಿ, ಕೈ ತೊಳೆಯುವಾಗ ಎಚ್ಚರಾಗದೆ ತಿರುಗಿ ಬಂದನೆಂದು ಹೇಳುತ್ತಿದ್ದರು. ಪ್ರತಿ ಸುಳ್ಳಿಗೂ ಅವನ ನಾಚಿಕೆ ಒಂದು ಗುಂಜಿ ಹೆಚ್ಚು ತೂಗುತ್ತಿತ್ತು. ಎಲ್ಲಕ್ಕೂ ಕೆಟ್ಟದ್ದೆಂದರೆ ಹನುಮಂತಪ್ಪ ಚೇಷ್ಟೆ ಬಿಟ್ಟದ್ದು. ಊಟದ ಪಂಕ್ತಿಯಲ್ಲಿ, “ನಮ್ಮ ಮಾವನಂಥಾ ಸಾಚಾ ಮನಷ್ಯಾ ಈ ಸೀಮ್ಯಾಗ ಇಲ್ಲ, ಇನ್ನೊಂದ ಹೋಳಗಿ ಹಾಕ್ರಿ” ಎನ್ನುತ್ತಿದ್ದ. ಬೀರಲಿಂಗಪ್ಪ ಎಲೆ ಬಿಟ್ಟು ಏಳುತ್ತಿದ್ದ. ಅದನ್ನೂ ಮಂದಿ ಸಂಕೋಚದ ಸ್ವಭಾವವೆಂದು ಹೊಗಳುತ್ತಿದ್ದರು.

ಒಂದು ಮುಂಜಾನೆ, ಪೂರ್ತಿ ಹೇರಿನೊಂದಿಗೆ ಇಳಕಲು ಇಳಿದು ಸಪಾಟಿಗೆ ಬಂದಮೇಲೆ, ಕಮರುದ್ದೀನ ತಿರುಗಿ ನೋಡದೆ ಹೇಳಿದ:

“ಬೀರ್ಯಾ, ನೀ ಈಗ ಸಪಾಟಿನ್ಯಾಗೂ ನಿದ್ದಿ ಮಾಡವೊಲ್ಲಿ.”

“ಬರವೊಲ್ದು ಕಾಕಾ.”

“ಅಂವತ್ತ ಉಣಕಲ್ ಕೆರಿ ಹಂತ್ಯಾಕ ಎಚ್ಚರಾಗಿತ್ತಲ್ಲಾ ನಿನಗ?”

ಬೀರಲಿಂಗಪ್ಪ ಮುಂಗೈಯ ಸುತ್ತನ್ನು ಇನ್ನೊಮ್ಮೆ ಬಿಗಿದ.

“ಆಗಿತ್ತು.”

“ಗೊತ್ತಾತು ನನಗ. ನಿದ್ದಿ ಮಾಡಾಂವ ಹಗ್ಗಕ್ಕ ಜೋತ ಬೀಳತಾನ. ಎಚ್ಚರಿದ್ದಾಂವ ಹಿಡದಿರತಾನ. ಹಗ್ಗ ಹಗುರಾತು, ನನಗೂ ಕಣ್ಣ ಬಿಟ್ಟುವು. ಇಂವಾ ಓಟಕ್ಕ ಹೋಗ್ಯಾನಲ್ಲಾ ಅಂತ ನೆಪ್ಪಾತು.”

“ಮತ್ತ ಮಂದ್ಯಾಗ ಆಣಿ ಮಾಡಿದೆಲ್ಲಾ?”

“ಮಾಡಿದೆ.” ಕಮರುದ್ದೀನ ಎತ್ತಿನ ಬೆನ್ನ ಮೇಲೆ ಇಲ್ಲದ ನೊಣವನ್ನು ಹೊಡೆದ. “ಗಾಡಿ ನಿಂದರಸಬೇಕಿತ್ತು. ನಿಂದರಸಲಿಲ್ಲ. ಎತ್ತಿನ ಬಾಲಾ ಹಿಂಡಿದೆ.”

“ನಾ ಗೆಲ್ಲಲಿ ಅಂತನೂ?”

“ಗೆಲ್ಲಲಿ ಅಂತ ಯಾರಂದ್ರಲೇ? ಚಹಾ ಕಾಸಿಟ್ಟಿರತೇನಿ ಅಂದಿದ್ದೆಲ್ಲಾ, ನನ್ನ ದಾಟಿ ಹೋಗೂಮುಂದ. ಆ ಮಾತ ಹೊಟ್ಯಾಗ ಕುಂತಿತ್ತು. ಬಂದೆಲ್ಲಾ ಮಗನ ಮತ್ತ ನನ್ನ ಹಿಂದ, ಅಂತ ಖುಷಿ ಆತು. ಹಂಗ ಚೌಕದ ತನಕಾ ಒಯ್ದು ಮಂದಿಗೆ ತೋರಸಬೇಕು ಅನಿಸ್ತು.” ಆಮೇಲೆ, “ಅದೇನ ಛಲೋ ಕೆಲಸ ಅಲ್ಲ. ನಮಾಜಿಗೆ ಕುಂತಾಗೂ ನೆಪ್ಪಾಗತೈತಿ” ಎಂದ.

ಬೀರಲಿಂಗಪ್ಪನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತನ್ನ ನಾಚಿಕೆಯೊಳಗೆ ಇನ್ನೊಬ್ಬನೂ ಕೂತಿದ್ದು ಕಂಡು ಅಲ್ಲಿ ಜಾಗ ಇನ್ನಷ್ಟು ಇಕ್ಕಟ್ಟಾಯಿತು, ಅಷ್ಟೇ.

ಉಣಕಲ್ ಕೆರೆ ಕಂಡಾಗ ಬೀರಲಿಂಗಪ್ಪ, ಓಟದ ದಿನ ಬಿಡಬೇಕಿದ್ದ ಜಾಗದಲ್ಲಿ, ಮುಂಗೈಯ ಸುತ್ತು ಬಿಚ್ಚಿ ಹಗ್ಗವನ್ನು ಅಂಡಿಗೆಯ ಮೇಲೆ ಎಸೆದ. ಕೊರಳು ಬಿಚ್ಚುವ ಮೊದಲು ಹಿಂಹಗ್ಗದವನೊಬ್ಬ ಹಗ್ಗ ಬಿಟ್ಟದ್ದು ಆ ರಸ್ತೆಯಲ್ಲಿ ಅದೇ ಮೊದಲು. ಅಂದು ಅಲ್ಲಿಂದ ಹುಬ್ಬಳ್ಳಿಯ ತನಕ ಬರಿಗೈಯಲ್ಲಿ ನಡೆದ. ಮುಂದಿನ ಸಲವೂ ನಡೆದ, ಲಾರಿಗಳು ಬಂದು ಆ ಉದ್ಯೋಗವೇ ಮುಗಿಯುವವರೆಗೂ ನಡೆದ. ಬಟ್ಟೆ ಒಗೆಯುವವರು ನೋಡಿ ನೋಡಿ ಅದಕ್ಕೊಂದು ಕಾರಣ ಹುಡುಕಿದರು: ಊರು ಬಂತೆಂದರೆ ಗತ್ತು ತೋರಿಸುತ್ತಾನೆ, ರುಮಾಲು ಗೆದ್ದವನಲ್ಲವೇ, ಎಂದರು. ಅವನು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡು, ಧೂಳಿನಲ್ಲಿ, ಚಕ್ಕಡಿಯ ಹಿಂದೆಯೇ ಬರುತ್ತಿದ್ದ.

ಹಗ್ಗದ ಭಾರವಿಲ್ಲದೆ ಹಿಂದೆ ಮನುಷ್ಯನಿದ್ದಾನೋ ಇಲ್ಲವೋ ಮುಂದಿನವನಿಗೆ ತಿಳಿಯುತ್ತಿರಲಿಲ್ಲ. ತಿರುಗಿ ನೋಡಿದರೆ ತಿಳಿಯುತ್ತಿತ್ತು, ಕಮರುದ್ದೀನ ತಿರುಗಲಿಲ್ಲ. ಎತ್ತುಗಳ ಹೆಜ್ಜೆಯನ್ನು ಒಬ್ಬ ಮುದಿಯಾಗುತ್ತಿರುವ ಮನುಷ್ಯನ ಹೆಜ್ಜೆಗೆ ಇಳಿಸಿ, ಆಗೊಮ್ಮೆ ಈಗೊಮ್ಮೆ ಕೇಳುತ್ತಿದ್ದ:

“ಅದೀಯೇನಲೇ?”

“ಅದೇನಿ, ನಡಿ.”